ತುರ್ತು ಟ್ರಾಲಿಯ ತಪಾಸಣೆ: ಕಣ್ಣಿನಿಂದ ನೋಡಿದರೆ ಸಾಲದು, ನಡೆಸಿ ನೋಡಬೇಕು

ಪ್ರಶ್ನೆ: ನಾನು ಸಣ್ಣ ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿಯಾಗಿದ್ದೇನೆ. ತುರ್ತು ಟ್ರಾಲಿಯ ಹೊಣೆಯನ್ನು ಈಚೆಗೆ ನನಗೆ ವಹಿಸಿದ್ದಾರೆ. ಅದರಲ್ಲಿ ಎಇಡಿ (ಹೃದಯಕ್ಕೆ ವಿದ್ಯುದಾಘಾತ ಕೊಡುವ, ತಾನೇ ಸೂಚನೆ ಹೇಳುವ ಯಂತ್ರ), ಆಕ್ಸಿಜನ್ ಸಿಲಿಂಡರ್, ಬಾಯಿ-ಗಂಟಲಿನ ದ್ರವ ಎಳೆದು ತೆಗೆಯುವ ಸಕ್ಷನ್ ಯಂತ್ರ, ಕೈಯಿಂದ ಅದುಮಿ ಉಸಿರು ಕೊಡುವ ಅಂಬು ಬ್ಯಾಗ್ ಮತ್ತು ಔಷಧಿಗಳಿವೆ. ಪಕ್ಕದ ಕೋಣೆಯಲ್ಲಿ ಇದೇ ವಿದ್ಯುದಾಘಾತ ಕೊಡಲು ವೈದ್ಯರು ಬಳಸುವ ಡಿಫಿಬ್ರಿಲೇಟರ್ ಇದೆ. ಪ್ರತಿ ಪಾಳಿಯಲ್ಲೂ ತಪಾಸಣಾ ಪಟ್ಟಿಗೆ ರುಜು ಬೀಳುತ್ತದೆ, ವರ್ಷಕ್ಕೊಮ್ಮೆ ತಂತ್ರಜ್ಞರೂ ಬಂದು ಹೋಗುತ್ತಾರೆ. ಆದರೂ ಮೊನ್ನೆ ಅಣಕು ಅಭ್ಯಾಸ ನಡೆಸಿದಾಗ ಸಿಲಿಂಡರಿನ ವಾಲ್ವ್ ತೆರೆಯುವ ಕೀಲಿ ಸಿಗಲಿಲ್ಲ, ಎದೆಗೆ ಅಂಟಿಸುವ ಎಇಡಿಯ ಪ್ಯಾಡುಗಳ ಅವಧಿ ಮುಗಿದಿತ್ತು, ಸಕ್ಷನ್ ಯಂತ್ರ ಬ್ಯಾಟರಿಯಲ್ಲಿ ಎರಡು ನಿಮಿಷವೂ ಓಡಲಿಲ್ಲ. ಆಮೇಲೆ ನೋಡಿದರೆ ಯಂತ್ರಗಳು ಯಾವುವೂ ಕೆಟ್ಟಿರಲಿಲ್ಲ. ನಾವು ತಪ್ಪುತ್ತಿರುವುದು ಎಲ್ಲಿ? ಯಾವುದನ್ನು, ಎಷ್ಟು ದಿನಕ್ಕೊಮ್ಮೆ, ಹೇಗೆ ನೋಡಬೇಕು? ಸಿಬ್ಬಂದಿಗೆ ಅಭ್ಯಾಸ ಮಾಡಿಸುವುದು ಹೇಗೆ?

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿ ಬಂದಿರುವ ‘ಯಂತ್ರಗಳು ಯಾವುವೂ ಕೆಟ್ಟಿರಲಿಲ್ಲ’ ಎಂಬ ಮಾತಿನಲ್ಲೇ ಉತ್ತರದ ಅರ್ಧ ಭಾಗವಿದೆ. ಕೈಕೊಟ್ಟದ್ದು ಕೀಲಿ, ಪ್ಯಾಡು ಮತ್ತು ಬ್ಯಾಟರಿ. ಯಂತ್ರವನ್ನು ರೋಗಿಯ ದೇಹಕ್ಕೆ ಅಥವಾ ಶಕ್ತಿಯ ಮೂಲಕ್ಕೆ ಜೋಡಿಸುವ ಇಂಥ ಸಣ್ಣ ವಸ್ತುಗಳು ಖರ್ಚಾಗುತ್ತವೆ, ಒಣಗುತ್ತವೆ, ಇನ್ನೊಂದು ಕೋಣೆಗೆ ಎರವಲು ಹೋಗಿ ಹಿಂತಿರುಗುವುದಿಲ್ಲ. ವರ್ಷಕ್ಕೊಮ್ಮೆ ಬರುವ ತಂತ್ರಜ್ಞರು ನೋಡುವುದು ಯಂತ್ರದ ಒಡಲನ್ನು. ಈ ಸಣ್ಣ ವಸ್ತುಗಳ ಮೇಲೆ ಕಣ್ಣಿಡಬೇಕಾದವರು ದಿನವೂ ಅಲ್ಲಿರುವ ನೀವೇ. ತುರ್ತು ವಿಭಾಗಗಳಲ್ಲಿ ನಾನು ಕಂಡ ಲೋಪಗಳಲ್ಲಿ ಬಹುಪಾಲು ಇದೇ ಬಗೆಯವು.

ಉಳಿದ ಅರ್ಧ ನಿಮ್ಮ ತಪಾಸಣಾ ಪಟ್ಟಿಯಲ್ಲಿದೆ. ಪಟ್ಟಿಯನ್ನು ನಾನು ನೋಡಿಲ್ಲ, ಆದರೆ ಇಂಥ ಪಟ್ಟಿಗಳು ಸಾಮಾನ್ಯವಾಗಿ ‘ಆಕ್ಸಿಜನ್ ಸಿಲಿಂಡರ್: ಇದೆ’, ‘ಸಕ್ಷನ್ ಯಂತ್ರ: ಇದೆ’ ಎಂಬ ಮಾದರಿಯವು. ಬಾಗಿಲಲ್ಲಿ ನಿಂತೇ ಉತ್ತರಿಸಬಹುದಾದ ಪ್ರಶ್ನೆಗೆ ದಣಿದ ಪಾಳಿಯವರು ಬಾಗಿಲಲ್ಲಿ ನಿಂತೇ ಉತ್ತರಿಸುತ್ತಾರೆ; ಅದು ಅವರ ಸೋಮಾರಿತನವಲ್ಲ, ಪಟ್ಟಿ ಕೇಳಿದ್ದೇ ಅಷ್ಟು. ಪಟ್ಟಿಯ ಪ್ರತಿ ಸಾಲೂ ಒಂದು ಕೆಲಸವನ್ನು ಮಾಡಿಸಬೇಕು ಮತ್ತು ಆ ಕೆಲಸದಿಂದ ಬಂದ ಫಲವನ್ನು ಬರೆಸಬೇಕು. ‘ಸಕ್ಷನ್: ಪ್ಲಗ್ ತೆಗೆದು, ಬ್ಯಾಟರಿಯಲ್ಲಿ ನಡೆಸಿ, ಕೊಳವೆಯ ತುದಿಯನ್ನು ಮುಚ್ಚಿದಾಗ ಮಾಪಕ ತೋರಿದ ಅಂಕಿ’ ಎಂದು ಕೇಳಿದರೆ ಯಂತ್ರವನ್ನು ಮುಟ್ಟದೆ ಆ ಖಾನೆಯನ್ನು ಪ್ರಾಮಾಣಿಕವಾಗಿ ತುಂಬಲು ಆಗುವುದಿಲ್ಲ. ಅಂಕಿಗಳಿಂದ ಇನ್ನೊಂದು ಲಾಭವೂ ಇದೆ. ತಿಂಗಳಿಡೀ ಸಾಲಾಗಿ ನಿಂತ ಸರಿ ಗುರುತುಗಳು ಏನನ್ನೂ ಹೇಳುವುದಿಲ್ಲ. ಆದರೆ ಯಾರೂ ಬಳಸದ ಸಿಲಿಂಡರಿನ ಒತ್ತಡ ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪವೇ ಇಳಿಯುತ್ತಿರುವುದು ಅಂಕಿಗಳ ಸಾಲಿನಲ್ಲಿ ತಾನಾಗಿ ಕಾಣುತ್ತದೆ, ಎಲ್ಲೋ ಸೋರುತ್ತಿದೆ ಎಂಬುದು ಸಿಲಿಂಡರ್ ಬರಿದಾಗುವ ಮೊದಲೇ ತಿಳಿಯುತ್ತದೆ.

ಈಗ ಒಂದೊಂದಾಗಿ ಉಪಕರಣಗಳನ್ನು ನೋಡೋಣ. ಆಕ್ಸಿಜನ್ನಿನ ವಿಷಯವನ್ನು ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ಏಕೆಂದರೆ ಅದನ್ನು ಎಲ್ಲರೂ ಬಲ್ಲೆವೆಂದುಕೊಂಡಿರುತ್ತಾರೆ. ಸಿಲಿಂಡರಿನಲ್ಲಿ ಎಷ್ಟು ಅನಿಲ ಉಳಿದಿದೆ ಎಂಬುದಕ್ಕೆ ಸರಳ ಲೆಕ್ಕವಿದೆ: ಸಿಲಿಂಡರಿನ ನೀರಿನ ಅಳತೆಯನ್ನು, ಅಂದರೆ ಅದರಲ್ಲಿ ಹಿಡಿಸಬಹುದಾದ ನೀರಿನ ಲೀಟರುಗಳನ್ನು, ಮಾಪಕ ತೋರುವ ಬಾರ್ ಒತ್ತಡದಿಂದ ಗುಣಿಸಬೇಕು. 5 ಲೀಟರ್ ಅಳತೆಯ ಸಿಲಿಂಡರ್ 120 ಬಾರ್ ತೋರಿದರೆ ಅದರಲ್ಲಿ ಸುಮಾರು 600 ಲೀಟರ್ ಆಕ್ಸಿಜನ್ ಇದೆ. ನಿಮಿಷಕ್ಕೆ 15 ಲೀಟರಿನಂತೆ ಕೊಟ್ಟರೆ ಅದು 40 ನಿಮಿಷಕ್ಕೆ ಬರುತ್ತದೆ. ಅದೇ ಸಿಲಿಂಡರ್ 40 ಬಾರ್ ತೋರಿದಾಗ ‘ಇನ್ನೂ ಇದೆ’ ಎಂದು ಸಮಾಧಾನಪಟ್ಟರೆ, ಕೈಯಲ್ಲಿರುವುದು 13 ನಿಮಿಷ ಮಾತ್ರ, ಅದರಲ್ಲೂ ಕೊನೆಯ ಭಾಗವನ್ನು ನೆಚ್ಚುವಂತಿಲ್ಲ. ನಿಮ್ಮ ಮಾಪಕದಲ್ಲಿ ಪಿಎಸ್‌ಐ ಅಂಕಿಗಳಿದ್ದರೆ 14.5ರಿಂದ ಭಾಗಿಸಿ ಬಾರ್ ಮಾಡಿಕೊಳ್ಳಿ. ಈ ಲೆಕ್ಕವನ್ನು ಪ್ರತಿ ಸಲ ಮಾಡುವ ಬದಲು ನಿಮ್ಮ ಸಿಲಿಂಡರಿನ ಅಳತೆಗೆ ಹೊಂದುವ ಸಣ್ಣ ಕೋಷ್ಟಕವೊಂದನ್ನು ಬರೆದು ಸಿಲಿಂಡರಿಗೇ ಕಟ್ಟಿಡಿ. ಯಾವ ಅಂಕಿಗಿಂತ ಕೆಳಗಿಳಿದರೆ ಬದಲಿಸಬೇಕು ಎಂಬುದನ್ನು ಅದರಲ್ಲಿ ಕೆಂಪು ಶಾಯಿಯಲ್ಲಿ ನಮೂದಿಸಿ. ಆ ಅಂಕಿಯನ್ನು ನಿಮಗೆ ಎಷ್ಟು ಹೊತ್ತು ಆಕ್ಸಿಜನ್ ಬೇಕಾಗಬಹುದು ಎಂಬುದರಿಂದ ಗೊತ್ತುಮಾಡಬೇಕು. ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಲು ಆಂಬುಲೆನ್ಸ್ ಬರುವವರೆಗಿನ ಕಾಲವನ್ನು ಎಣಿಸಿ, ಅದರ ಎರಡರಷ್ಟನ್ನು ಇಟ್ಟುಕೊಳ್ಳುವುದು ನನ್ನ ರೂಢಿ.

ಮಾಪಕವನ್ನು ಓದುವಲ್ಲಿಯೂ ಒಂದು ಮೋಸವಿದೆ. ಸಿಲಿಂಡರಿನ ವಾಲ್ವನ್ನು ಮುಚ್ಚಿದ ಮೇಲೂ ಒತ್ತಡ ತಗ್ಗಿಸುವ ರೆಗ್ಯುಲೇಟರಿನೊಳಗೆ ಸಿಕ್ಕಿಕೊಂಡ ಅನಿಲದ ಒತ್ತಡದಿಂದ ಮುಳ್ಳು ನಿಂತಲ್ಲೇ ನಿಂತಿರಬಹುದು. ಸಿಲಿಂಡರ್ ಬದಲಾಗಿ, ವಾಲ್ವ್ ತೆರೆಯದೆ, ಹಳೆಯ ಅಂಕಿಯನ್ನೇ ಓದಿ ಬರೆಯುವುದು ಹೀಗೆಯೇ. ಆದ್ದರಿಂದ ಮೊದಲು ವಾಲ್ವ್ ಮುಚ್ಚಿ, ಅನಿಲದ ಹರಿವನ್ನು ಅಳೆಯುವ ಫ್ಲೋಮೀಟರನ್ನು ತೆರೆದು ಮುಳ್ಳನ್ನು ಸೊನ್ನೆಗೆ ಇಳಿಸಿ, ಫ್ಲೋಮೀಟರ್ ಮುಚ್ಚಿ, ಅನಂತರ ವಾಲ್ವನ್ನು ನಿಧಾನವಾಗಿ ತೆರೆದು ಅಂಕಿಯನ್ನು ಓದಬೇಕು. ಅಲ್ಲಿಗೇ ನಿಲ್ಲದೆ ವಾಲ್ವನ್ನು ಮತ್ತೆ ಮುಚ್ಚಿ ಕೆಲವು ನಿಮಿಷ ಬಿಟ್ಟು ನೋಡಿದರೆ ಸೋರಿಕೆಯ ಪರೀಕ್ಷೆಯೂ ಆಯಿತು: ಮುಳ್ಳು ಇಳಿದಿದ್ದರೆ ರೆಗ್ಯುಲೇಟರ್ ಕೂರುವ ಜಾಗದಲ್ಲಿರುವ ವಾಷರ್ ಸವೆದಿರಬಹುದು ಅಥವಾ ಕಾಣೆಯಾಗಿರಬಹುದು. ಬಿಡಿ ವಾಷರುಗಳು ಎರಡಾದರೂ ಟ್ರಾಲಿಯಲ್ಲಿರಲಿ, ಕೀಲಿಯನ್ನು ಸರಪಳಿ ಹಾಕಿ ಸಿಲಿಂಡರಿನ ಕುತ್ತಿಗೆಗೇ ಬಂಧಿಸಿ. ವಾಲ್ವ್ ಬಿಗಿಯಾಗಿದೆಯೆಂದು ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಎಂದೂ ಮುಟ್ಟಿಸಕೂಡದು, ಕೈಗೆ ಹಚ್ಚಿಕೊಂಡ ಕ್ರೀಮು ಕೂಡ ಬೇಡ. ಹೆಚ್ಚಿನ ಒತ್ತಡದ ಆಕ್ಸಿಜನ್ನಿನಲ್ಲಿ ಇಂಥ ಜಿಡ್ಡು ಪದಾರ್ಥಗಳು ಹೊತ್ತಿಕೊಳ್ಳುತ್ತವೆ. ಕೊನೆಯದಾಗಿ, ಮಾಸ್ಕನ್ನು ಜೋಡಿಸಿ ಅನಿಲ ನಿಜಕ್ಕೂ ಅದರ ಬಾಯಿಗೆ ಬರುತ್ತಿದೆಯೇ ಎಂದು ನೋಡಿ. ಚೀಲವಿರುವ ಮಾಸ್ಕಾದರೆ ನಿಮಿಷಕ್ಕೆ 10ರಿಂದ 15 ಲೀಟರಿನಲ್ಲಿ ಆ ಚೀಲ ಉಬ್ಬಿ ನಿಲ್ಲಬೇಕು. ಅನಿಲಕ್ಕೆ ತೇವ ಸೇರಿಸುವ ಆರ್ದ್ರಕದ ಬಾಟಲಿಯ ಮುಚ್ಚಳ ಓರೆಯಾಗಿ ಕೂತಿದ್ದರೆ ಫ್ಲೋಮೀಟರಿನ ಗುಂಡು ಮೇಲೇರಿರುತ್ತದೆ, ಮಾಸ್ಕಿಗೆ ಮಾತ್ರ ಏನೂ ತಲುಪಿರುವುದಿಲ್ಲ.

ಅಂಬು ಬ್ಯಾಗನ್ನು ಡೆನ್ಮಾರ್ಕಿನಲ್ಲಿ ಎಂಜಿನಿಯರ್ ಹೋಲ್ಗರ್ ಹೆಸ್ಸೆ ಮತ್ತು ಅರಿವಳಿಕೆ ವೈದ್ಯ ಹೆನಿಂಗ್ ರೂಬೆನ್ ರೂಪಿಸಿದರು. ಅದು 1956ರಲ್ಲಿ ಮಾರುಕಟ್ಟೆಗೆ ಬಂತು. ವಿದ್ಯುತ್ತೂ ಬೇಡ, ಸಿಲಿಂಡರೂ ಬೇಡ, ಅದುಮಿ ಬಿಟ್ಟರೆ ತಾನಾಗಿ ಗಾಳಿ ತುಂಬಿಕೊಳ್ಳುತ್ತದೆ. ಉಳಿದದ್ದೆಲ್ಲ ಕೈಕೊಟ್ಟಾಗಲೂ ಉಳಿಯಬೇಕಾದ ಸಾಧನವಾದ್ದರಿಂದ ಇದರ ಪರೀಕ್ಷೆಯನ್ನು ಎಂದೂ ತಪ್ಪಿಸಬೇಡಿ, ಅರ್ಧ ನಿಮಿಷ ಸಾಕು. ರೋಗಿಯ ಕಡೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿ ಬ್ಯಾಗನ್ನು ಅದುಮಿದರೆ ಅದು ಕುಗ್ಗದೆ ಗಟ್ಟಿಯಾಗಿ ಎದುರಾಗಬೇಕು. ಮಕ್ಕಳ ಬ್ಯಾಗಿನಲ್ಲಿ ಸಾಮಾನ್ಯವಾಗಿ ಸುಮಾರು 40 ಸೆಂಟಿಮೀಟರ್ ನೀರಿನ ಒತ್ತಡಕ್ಕೆ ತೆರೆದುಕೊಳ್ಳುವ ರಕ್ಷಣಾ ವಾಲ್ವ್ ಇರುವುದರಿಂದ ಅದನ್ನು ಬೆರಳಿನಿಂದ ಒತ್ತಿ ಹಿಡಿದು ಒಮ್ಮೆ, ಬಿಟ್ಟು ಒಮ್ಮೆ ನೋಡಬೇಕು. ಕೈ ತೆಗೆದು ಅದುಮಿ ಬಿಟ್ಟಾಗ ಬ್ಯಾಗ್ ತಕ್ಷಣ ಮೊದಲಿನ ಆಕಾರಕ್ಕೆ ಬರಬೇಕು. ತೊಳೆದು ಮರುಜೋಡಿಸುವ ಮಾದರಿಯಾದರೆ ಇನ್ನೊಂದು ಹೆಜ್ಜೆ ಅಗತ್ಯ, ಏಕೆಂದರೆ ತೊಳೆದ ಮೇಲೆ ಒಳಗಿನ ತೆಳು ವಾಲ್ವನ್ನು ತಲೆಕೆಳಗಾಗಿ ಕೂರಿಸುವುದು ಅಥವಾ ಕೂರಿಸುವುದನ್ನೇ ಮರೆಯುವುದು ಅಪರೂಪವಲ್ಲ. ಪರೀಕ್ಷೆಗೆಂದೇ ಇರುವ ಕೃತಕ ಶ್ವಾಸಕೋಶವನ್ನೋ ಒಂದು ಖಾಲಿ ಉಸಿರಾಟದ ಚೀಲವನ್ನೋ ಬಾಯಿಗೆ ಸಿಕ್ಕಿಸಿ ಅದುಮಿದರೆ ಅದು ಉಬ್ಬಬೇಕು, ಬಿಟ್ಟಾಗ ಗಾಳಿ ಪಕ್ಕದ ದಾರಿಯಿಂದ ಹೊರಹೋಗಬೇಕೇ ಹೊರತು ಬ್ಯಾಗಿಗೆ ಹಿಂತಿರುಗಕೂಡದು. ಬ್ಯಾಗನ್ನು ಮಡಚಿ ಇಕ್ಕಟ್ಟಾದ ಖಾನೆಗೆ ತುರುಕಬೇಡಿ, ಮಡಿಕೆ ಬಿದ್ದಲ್ಲೇ ಬಿರುಕು ಬಿಡುತ್ತದೆ. ಮಾಸ್ಕಿನ ಅಂಚಿನ ಮೆತ್ತೆಯಲ್ಲಿ ಗಾಳಿ ಇದೆಯೇ, ದೊಡ್ಡವರಿಗೂ ಮಕ್ಕಳಿಗೂ ಕೂಸಿಗೂ ಹೊಂದುವ ಅಳತೆಗಳಿವೆಯೇ ಎಂಬುದನ್ನೂ ಅದೇ ಉಸಿರಿನಲ್ಲಿ ನೋಡಿಬಿಡಿ.

ನಿಮ್ಮ ಸಕ್ಷನ್ ಯಂತ್ರಕ್ಕೆ ಬಂದರೆ, ಅದು ಬ್ಯಾಟರಿಗೆ ಸಂಬಂಧಿಸಿದ ಪಾಠ, ಆ ಪಾಠ ಡಿಫಿಬ್ರಿಲೇಟರಿಗೂ, ಗಂಟಲೊಳಗೆ ಬೆಳಕು ಬಿಟ್ಟು ನೋಡುವ ಲಾರಿಂಗೋಸ್ಕೋಪಿಗೂ ಅನ್ವಯಿಸುತ್ತದೆ. ಚಾರ್ಜಿಂಗ್ ದೀಪ ಉರಿಯುತ್ತಿದೆ ಎಂದರೆ ಗೋಡೆಯಿಂದ ವಿದ್ಯುತ್ ಬರುತ್ತಿದೆ ಎಂದಷ್ಟೇ ಅರ್ಥ; ಬಂದ ವಿದ್ಯುತ್ತನ್ನು ಹಿಡಿದಿಡುವ ಶಕ್ತಿ ಬ್ಯಾಟರಿಗೆ ಉಳಿದಿದೆಯೇ ಎಂಬುದನ್ನು ಆ ದೀಪ ಹೇಳುವುದಿಲ್ಲ. ಹಳೆಯ ಬ್ಯಾಟರಿ ಬೇಗ ತುಂಬಿದಂತೆ ತೋರಿಸಿ ಬೇಗ ಬರಿದಾಗುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಪ್ಲಗ್ ತೆಗೆದು, ತಯಾರಕರ ಕೈಪಿಡಿಯಲ್ಲಿ ಹೇಳಿರುವ ಅವಧಿಯವರೆಗೆ ಬ್ಯಾಟರಿಯಲ್ಲೇ ಓಡಿಸಿ ಗಡಿಯಾರ ನೋಡಬೇಕು, ಆ ಹೊತ್ತಿನಲ್ಲಿ ಬದಲಿ ಯಂತ್ರವೊಂದು ಕೈಗೆಟುಕುವಂತಿರಬೇಕು, ಪರೀಕ್ಷೆ ಮುಗಿದ ಕೂಡಲೇ ಮತ್ತೆ ಚಾರ್ಜಿಗೆ ಹಾಕಬೇಕು. ಸೀಸ-ಆಮ್ಲದ ಬ್ಯಾಟರಿಗಳು ಪೂರ್ತಿ ಬರಿದಾದ ಸ್ಥಿತಿಯಲ್ಲೇ ವಾರಗಟ್ಟಲೆ ಕುಳಿತರೆ ಮತ್ತೆ ಚೇತರಿಸಿಕೊಳ್ಳುವುದಿಲ್ಲ. ಪ್ರತಿ ಬ್ಯಾಟರಿಯ ಮೇಲೂ ಅದನ್ನು ಹಾಕಿದ ತಿಂಗಳು ಮತ್ತು ವರ್ಷವನ್ನು ಬರೆಯಿರಿ, ತಯಾರಕರು ಹೇಳಿದ ವಯಸ್ಸಾದಾಗ ಕೆಲಸ ಮಾಡುತ್ತಿದ್ದರೂ ಬದಲಿಸಿ. ಗೋಡೆಯ ಆ ಒಂದು ಸಾಕೆಟ್ಟನ್ನು ಟ್ರಾಲಿಗೆಂದೇ ಮೀಸಲಿಡಿ. ಸಕ್ಷನ್ ಯಂತ್ರದ ಪ್ಲಗ್ ಕಿತ್ತು ಮೊಬೈಲ್ ಚಾರ್ಜಿಗೆ ಹಾಕಿರುವುದನ್ನು ನೋಡದ ಆಸ್ಪತ್ರೆ ಇದೆಯೇ ಎಂಬುದು ನನಗೆ ಸಂದೇಹ.

ಯಂತ್ರದ ಎಳೆತವನ್ನು ಅಳೆಯಲು ಕೊಳವೆಯ ತುದಿಯನ್ನು ಬೆರಳಿನಿಂದ ಮುಚ್ಚಿ: ತುರ್ತು ಬಳಕೆಯ ಸಕ್ಷನ್ ಕೆಲವೇ ಸೆಕೆಂಡುಗಳಲ್ಲಿ 300 ಮಿಲಿಮೀಟರ್ ಪಾದರಸದಷ್ಟು ನಿರ್ವಾತವನ್ನು ತಲುಪಬೇಕು. ತಲುಪದಿದ್ದರೆ ಮೋಟರನ್ನು ಶಂಕಿಸುವ ಮೊದಲು ಜಾಡಿಯ ಮುಚ್ಚಳ, ಅದರ ರಬ್ಬರ್ ಉಂಗುರ, ಕೊಳವೆಯ ಬಿರುಕು ಮತ್ತು ಒದ್ದೆಯಾದ ಫಿಲ್ಟರನ್ನು ನೋಡಿ. ದೋಷ ಹೆಚ್ಚಾಗಿ ಅಲ್ಲೇ ಇರುತ್ತದೆ. ಅಂಕಿ ಸರಿಯಿದ್ದರೂ ಒಂದು ಲೋಟ ನೀರನ್ನು ಎಳೆಸಿ ನೋಡುವುದು ಇನ್ನೂ ಒಳ್ಳೆಯದು. ಬಾಯಿಯೊಳಗೆ ಇಡುವ ಅಗಲ ರಂಧ್ರದ ಗಟ್ಟಿ ತುದಿ ಹೊದಿಕೆಯ ಸಮೇತ ಕೊಳವೆಗೆ ಸಿಕ್ಕಿಸಿಯೇ ಇರಲಿ, ಏಕೆಂದರೆ ವಾಂತಿ ಗಂಟಲಿಗೆ ಬಂದ ರೋಗಿಯ ಮುಂದೆ ಪೊಟ್ಟಣ ಹರಿಯುತ್ತ ನಿಲ್ಲಲು ಹೊತ್ತಿರುವುದಿಲ್ಲ.

ಎಇಡಿಯ ವಿಷಯದಲ್ಲಿ ಜನರಿಗಿರುವ ಅತಿ ದೊಡ್ಡ ಭ್ರಮೆ ಹಸಿರು ದೀಪದ್ದು. ಯಂತ್ರ ತಾನಾಗಿ ನಿಯತ ಕಾಲಕ್ಕೆ ತನ್ನನ್ನು ಪರೀಕ್ಷಿಸಿಕೊಳ್ಳುತ್ತದೆ, ಬ್ಯಾಟರಿ ಮತ್ತು ಒಳಗಿನ ವಿದ್ಯುನ್ಮಂಡಲವನ್ನು ನೋಡಿಕೊಳ್ಳುತ್ತದೆ, ಕೆಲವು ಮಾದರಿಗಳು ಪ್ಯಾಡು ಜೋಡಣೆಯಾಗಿದೆಯೇ ಎಂಬುದನ್ನೂ ಅರಿಯುತ್ತವೆ. ಆದರೆ ಪ್ಯಾಡಿನ ಮೇಲಿನ ಜೆಲ್ ಒಣಗಿದೆಯೇ ಎಂಬುದು ಬಹುತೇಕ ಯಂತ್ರಗಳಿಗೆ ತಿಳಿಯುವುದಿಲ್ಲ. ಒಣಗಿದ ಪ್ಯಾಡು ಎದೆಗೆ ಅಂಟುವುದಿಲ್ಲ, ಅಂಟಿದರೂ ವಿದ್ಯುತ್ತನ್ನು ಸರಿಯಾಗಿ ಒಳಬಿಡುವುದಿಲ್ಲ. ಹಾಗೆಂದು ಪೊಟ್ಟಣ ಒಡೆದು ನೋಡಬಾರದು, ಒಡೆದ ಗಳಿಗೆಯಿಂದಲೇ ಒಣಗಲು ಆರಂಭಿಸುತ್ತದೆ. ಪೊಟ್ಟಣ ಹರಿದಿಲ್ಲವೆಂಬುದನ್ನೂ ಮೇಲಿನ ದಿನಾಂಕವನ್ನೂ ನೋಡಿದರೆ ಸಾಕು. ಪ್ಯಾಡುಗಳ ದಿನಾಂಕ ಮತ್ತು ಬ್ಯಾಟರಿಯ ದಿನಾಂಕ ಬೇರೆಬೇರೆ ಕಾಲಕ್ಕೆ ಮುಗಿಯುವುದರಿಂದ ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಪೆಟ್ಟಿಗೆಯ ಹೊರಮೈಗೆ ಅಂಟಿಸಿ. ಪ್ಯಾಡಿನ ತಂತಿಯನ್ನು ಯಂತ್ರಕ್ಕೆ ಮೊದಲೇ ಸಿಕ್ಕಿಸಿಡಬೇಕಾದ ಮಾದರಿ ನಿಮ್ಮದಾದರೆ ಹಾಗೆಯೇ ಇಡಿ. ಬಿಡಿ ಪ್ಯಾಡುಗಳ ಇನ್ನೊಂದು ಜೊತೆ ಅತ್ಯಗತ್ಯ. ಬೆವರಿದ ಎದೆಯ ಮೇಲೆ ಮೊದಲನೆಯದು ಮಡಚಿಕೊಂಡರೆ ಅದು ಮತ್ತೆ ಉಪಯೋಗಕ್ಕೆ ಬರುವುದಿಲ್ಲ. ಬಟ್ಟೆ ಕತ್ತರಿಸುವ ಕತ್ತರಿ, ಎದೆಯ ಕೂದಲಿಗೆ ರೇಜರ್, ಬೆವರು ಒರೆಸುವ ಬಟ್ಟೆ ಮತ್ತು ಕೈಗವಸು ಅದೇ ಪೆಟ್ಟಿಗೆಯಲ್ಲಿರಲಿ. 8 ವರ್ಷಕ್ಕಿಂತ ಕಿರಿಯ ಅಥವಾ 25 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಮಕ್ಕಳ ಪ್ಯಾಡು ಉತ್ತಮ. ಅದಿಲ್ಲದಿದ್ದರೆ ಸುಮ್ಮನೆ ಕೂರದೆ ದೊಡ್ಡವರ ಪ್ಯಾಡನ್ನೇ, ಒಂದಕ್ಕೊಂದು ತಗುಲದಂತೆ, ಎದೆಯ ಮೇಲೊಂದು ಬೆನ್ನ ಮೇಲೊಂದು ಹಾಕಬೇಕು ಎಂಬುದನ್ನು ಎಲ್ಲ ಸಿಬ್ಬಂದಿಗೂ ಹೇಳಿಕೊಡಿ.

ಎಇಡಿ ಇರುವ ಜಾಗದ ಬಗ್ಗೆ ನಾನು ಸ್ವಲ್ಪ ಹಟಮಾರಿ. ಕದಿಯುತ್ತಾರೆಂದು ಬೀಗ ಹಾಕಿ, ಬೀಗದ ಕೈಯನ್ನು ಮೇಲ್ವಿಚಾರಕರ ಮೇಜಿನಲ್ಲಿಡುವುದಾದರೆ ಯಂತ್ರವನ್ನು ಕೊಳ್ಳುವುದೇ ಬೇಡ. ಕಳ್ಳತನದ ಭಯವಿದ್ದರೆ ಬಾಗಿಲು ತೆರೆದಾಗ ಕೂಗುವ ಗಂಟೆಯಿರುವ ಕಪಾಟು ಸಾಕು. ಹೃದಯ ಕಂಪಿಸುತ್ತ ನಿಂತುಹೋದ ರೋಗಿಗೆ ಎದೆ ಒತ್ತುವವರೂ ಇಲ್ಲದಿದ್ದರೆ ವಿದ್ಯುದಾಘಾತ ತಡವಾಗುವ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಅಮೆರಿಕದ ಕ್ಯಾಸಿನೋಗಳಲ್ಲಿ ಕಾವಲು ಸಿಬ್ಬಂದಿಗೆ ಎಇಡಿ ಕೊಟ್ಟು ನಡೆಸಿದ, 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕುಸಿದು ಬಿದ್ದದ್ದು ಯಾರದಾದರೂ ಕಣ್ಣಿಗೆ ಬಿದ್ದು 3 ನಿಮಿಷದೊಳಗೆ ಮೊದಲ ಆಘಾತ ಸಿಕ್ಕವರಲ್ಲಿ ಶೇ. 74 ಮಂದಿ ಉಳಿದರು. 3 ನಿಮಿಷ ಮೀರಿದವರಲ್ಲಿ ಉಳಿದವರು ಶೇ. 49. ಅವರು ವೈದ್ಯರಲ್ಲ, ದಾದಿಯರಲ್ಲ, ಬಾಗಿಲು ಕಾಯುವವರು. ನಿಮ್ಮ ಕಾವಲುಗಾರರಿಗೂ ಸ್ವಚ್ಛತಾ ಸಿಬ್ಬಂದಿಗೂ ಆ ಪೆಟ್ಟಿಗೆ ಎಲ್ಲಿದೆ, ಹೇಗೆ ತೆರೆಯಬೇಕು ಎಂಬುದು ಗೊತ್ತಿರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ವೈದ್ಯರು ಬಳಸುವ ಡಿಫಿಬ್ರಿಲೇಟರನ್ನು ದಿನವೂ ಪರೀಕ್ಷಿಸಬೇಕು, ಅದೂ ಪ್ಲಗ್ ತೆಗೆದು. ಕೈಪಿಡಿಯಲ್ಲಿ ಹೇಳಿರುವ ಶಕ್ತಿಗೆ ಚಾರ್ಜ್ ಮಾಡಿ, ಯಂತ್ರದಲ್ಲೇ ಇರುವ ಪರೀಕ್ಷಾ ವ್ಯವಸ್ಥೆಗೆ ಬಿಡುಗಡೆ ಮಾಡಿ, ಮುದ್ರಿತವಾಗಿ ಬರುವ ಕಾಗದದ ಪಟ್ಟಿಯನ್ನು ರಿಜಿಸ್ಟರಿಗೆ ಅಂಟಿಸಿದರೆ ಕಾಗದ ಉಳಿದಿದೆಯೇ, ಯಂತ್ರದ ಗಡಿಯಾರ ಸರಿಯಿದೆಯೇ ಎಂಬುದೂ ಅದರಲ್ಲೇ ತಿಳಿಯುತ್ತದೆ. ಲಾರಿಂಗೋಸ್ಕೋಪಿನ ಬಲ್ಬು ಬಿಳಿಯಾಗಿ, ಅಲುಗಿಸಿದರೂ ಮಿನುಗದೆ ಉರಿಯಬೇಕು. ಪಲ್ಸ್ ಆಕ್ಸಿಮೀಟರನ್ನು ನಿಮ್ಮ ಬೆರಳಿಗೇ ಹಾಕಿಕೊಂಡು ನೋಡಿದರೆ ಆಯಿತು. ಅಪರೂಪಕ್ಕೆ ಬಳಸುವುದಾದರೆ ಸೆಲ್ಲುಗಳನ್ನು ಒಳಗೇ ಬಿಡಬೇಡಿ, ಸೋರಿ ಒಳಗಿನ ತಗಡುಗಳನ್ನು ಕೊರೆಯುತ್ತವೆ. ಹೊರತೆಗೆದು ಅದೇ ಚೀಲದಲ್ಲಿ ಜೊತೆಗಿಡಿ. ಗ್ಲುಕೋಮೀಟರಿನ ಪಟ್ಟಿಗಳ ಡಬ್ಬಿಗೆ ಮುಚ್ಚಿದಾಗಿನ ಅವಧಿ ಬೇರೆ, ತೆರೆದ ಮೇಲಿನ ಅವಧಿ ಬೇರೆ ಇರುತ್ತದೆ. ತೆರೆದ ದಿನವನ್ನು ಡಬ್ಬಿಯ ಮೇಲೆ ಬರೆಯಿರಿ, ಮುಚ್ಚಳವನ್ನು ತೇವ ಹೋಗದಂತೆ ಬಿಗಿಯಾಗಿ ಹಾಕಿ.

ಔಷಧಿಗಳ ಖಾನೆಗೆ ನಾನು ಶಿಫಾರಸು ಮಾಡುವುದು ಒಮ್ಮೆ ಮಾತ್ರ ಬಳಸಬಹುದಾದ, ಸಂಖ್ಯೆಯಿರುವ ಪ್ಲಾಸ್ಟಿಕ್ ಸೀಲನ್ನು. ಇಬ್ಬರು ಕೂಡಿ ಒಳಗಿನದನ್ನೆಲ್ಲ ಎಣಿಸಿ, ದಿನಾಂಕಗಳನ್ನು ನೋಡಿ, ಸೀಲ್ ಹಾಕಿ, ಅದರ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಒಳಗಿರುವವುಗಳಲ್ಲಿ ಎಲ್ಲಕ್ಕಿಂತ ಮೊದಲು ಅವಧಿ ಮುಗಿಯುವ ಔಷಧಿಯ ಹೆಸರು ಮತ್ತು ದಿನಾಂಕವನ್ನು ಹೊರಗೆ ಅಂಟಿಸಬೇಕು. ಆಮೇಲೆ ಪಾಳಿಯವರು ದಿನವೂ ಎಲ್ಲ ಆಂಪೂಲುಗಳನ್ನು ಎಣಿಸಬೇಕಿಲ್ಲ. ಸೀಲಿನ ಸಂಖ್ಯೆ ರಿಜಿಸ್ಟರಿನೊಂದಿಗೆ ಹೊಂದುತ್ತದೆಯೇ, ಹೊರಗಿನ ದಿನಾಂಕ ಮೀರಿಲ್ಲವೇ ಎಂಬ ಎರಡು ಪ್ರಶ್ನೆಗಳು ಸಾಕು. ಬೀಗಕ್ಕಿಂತ ಇದು ಮೇಲು: ಬೇಕಾದಾಗ ಕೈಯಿಂದಲೇ ಕಿತ್ತುಬಿಡಬಹುದು, ಯಾರಾದರೂ ಒಂದು ಸಿರಿಂಜನ್ನು ಎರವಲು ತೆಗೆದಿದ್ದರೂ ಮುಚ್ಚಿಡಲಾಗುವುದಿಲ್ಲ. ಅವಧಿ ಮುಗಿಯಲು ಕೆಲವು ತಿಂಗಳಿರುವಾಗಲೇ ಆ ಔಷಧಿಯನ್ನು ಹೆಚ್ಚು ಬಳಕೆಯಾಗುವ ವಾರ್ಡಿಗೆ ಕೊಟ್ಟು ಹೊಸದನ್ನು ಪಡೆದರೆ ವ್ಯರ್ಥವೂ ಆಗುವುದಿಲ್ಲ.

ಎಲ್ಲ ಔಷಧಿಗಳಿಗಿಂತ ಅಡ್ರಿನಲಿನ್ ಬಗ್ಗೆ ಹೆಚ್ಚು ಎಚ್ಚರ ಬೇಕು. ಬೆಳಕಿನಿಂದ ಅದು ಕೆಡುತ್ತದೆ, ಆದ್ದರಿಂದ ರಟ್ಟಿನ ಪೆಟ್ಟಿಗೆಯಿಂದ ಹೊರತೆಗೆದು ಅಂದವಾಗಿ ಜೋಡಿಸುವ ಆಸೆ ಬೇಡ. ಫ್ರಿಜ್ಜಿನಲ್ಲೂ ಇಡಬೇಕಿಲ್ಲ, ಲೇಬಲ್ಲಿನಲ್ಲಿ ಹೇಳಿದ ಕೋಣೆಯ ಉಷ್ಣಾಂಶ ಸಾಕು. ದ್ರವ ಗುಲಾಬಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ, ಕಣಗಳು ಕಂಡರೆ, ದಿನಾಂಕ ಉಳಿದಿದ್ದರೂ ಎಸೆಯಬೇಕು. ಇದಕ್ಕಿಂತ ದೊಡ್ಡ ಅಪಾಯ ಪ್ರಮಾಣದ ಗೊಂದಲದ್ದು. ಮಿಲಿಲೀಟರಿಗೆ 1 ಮಿಲಿಗ್ರಾಂ ಇರುವ ಆಂಪೂಲಿನಿಂದ, ತೀವ್ರ ಅಲರ್ಜಿಯ ಆಘಾತದಲ್ಲಿರುವ ವಯಸ್ಕರಿಗೆ 0.5 ಮಿಲಿಗ್ರಾಂ ಅಂದರೆ ಅರ್ಧ ಮಿಲಿಲೀಟರನ್ನು ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಕೊಡುತ್ತೇವೆ. ಹೃದಯ ಸ್ತಂಭನದಲ್ಲಾದರೆ 1 ಮಿಲಿಗ್ರಾಂ ಅನ್ನು 3ರಿಂದ 5 ನಿಮಿಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುತ್ತೇವೆ. ಹೃದಯ ಬಡಿಯುತ್ತಿರುವ ಅಲರ್ಜಿ ರೋಗಿಗೆ ಎರಡನೆಯ ಪ್ರಮಾಣ ರಕ್ತನಾಳಕ್ಕೆ ಹೋದರೆ ಅನಾಹುತ. ಅಲರ್ಜಿಗೆ ಬೇಕಾದ ಆಂಪೂಲು, 1 ಮಿಲಿಲೀಟರ್ ಸಿರಿಂಜು, ಸೂಜಿ ಮತ್ತು ಪ್ರಮಾಣ ಬರೆದ ಚೀಟಿಯನ್ನು ಒಂದು ಪ್ರತ್ಯೇಕ ಪೊಟ್ಟಣವಾಗಿ ಕಟ್ಟಿಡುವುದೇ ಇದಕ್ಕೆ ಪರಿಹಾರ. ಸಾಂದ್ರ ಪೊಟ್ಯಾಸಿಯಂ ಕ್ಲೋರೈಡ್ ಈ ಟ್ರಾಲಿಯ ಹತ್ತಿರವೂ ಸುಳಿಯಕೂಡದು. ಸಕ್ಸಿನೈಲ್‌ಕೋಲಿನ್, ಲೊರಾಜಿಪಾಮ್ ಮುಂತಾಗಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕಾದ ಔಷಧಿಗಳು ಯಾವ ಫ್ರಿಜ್ಜಿನ ಯಾವ ಅರೆಯಲ್ಲಿವೆ ಎಂಬ ಚೀಟಿ ಟ್ರಾಲಿಯ ಖಾನೆಯಲ್ಲಿರಲಿ.

ತುಂಬಿ ತುಳುಕುವ ಟ್ರಾಲಿಯೂ ಒಂದು ದೋಷವೇ. ‘ಇರಲಿ’ ಎಂದು ಸೇರಿಸಿದ ಒಂದೊಂದು ವಸ್ತುವೂ ಬೇಕಾದದ್ದನ್ನು ಮರೆಮಾಡುತ್ತದೆ. ಶ್ವಾಸಮಾರ್ಗದ ಸಾಮಗ್ರಿ ಒಂದು ಖಾನೆಯಲ್ಲಿ, ರಕ್ತನಾಳಕ್ಕೆ ಬೇಕಾದದ್ದು ಇನ್ನೊಂದರಲ್ಲಿ, ಔಷಧಿ ಮತ್ತೊಂದರಲ್ಲಿ ಇರಲಿ. ನಿಮ್ಮಲ್ಲಿ ಎರಡು ಟ್ರಾಲಿಗಳಿದ್ದರೆ ಎರಡರ ಜೋಡಣೆಯೂ ಒಂದೇ ಆಗಿರಲಿ.

ಇನ್ನು ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆ. ಪಾಳಿ ಬದಲಾಗುವಾಗ ಸೀಲಿನ ಸಂಖ್ಯೆ, ಆಕ್ಸಿಜನ್ನಿನ ಅಂಕಿ, ಎಇಡಿಯ ದೀಪ, ಸಕ್ಷನ್ ಚಾರ್ಜಿಗಿದೆಯೇ ಎಂಬುದು. ಕೆಲವೇ ನಿಮಿಷಗಳ ಕೆಲಸ. ದಿನಕ್ಕೊಮ್ಮೆ ಡಿಫಿಬ್ರಿಲೇಟರ್, ಸಕ್ಷನ್, ಅಂಬು ಬ್ಯಾಗ್ ಮತ್ತು ಲಾರಿಂಗೋಸ್ಕೋಪನ್ನು ನಡೆಸಿ ನೋಡುವುದು. ತಿಂಗಳಿಗೊಮ್ಮೆ ಸೀಲ್ ಒಡೆದು ಎಲ್ಲ ಖಾನೆಗಳ ಎಣಿಕೆ ಮತ್ತು ಬ್ಯಾಟರಿಗಳ ಓಟ. ಇವುಗಳಿಗಿಂತ ಮುಖ್ಯವಾದದ್ದು ಬಳಕೆಯಾದ ಮೇಲಿನ ತಪಾಸಣೆ: ರೋಗಿಯನ್ನು ಸಾಗಿಸಿ ಎಲ್ಲರೂ ದಣಿದು ಕುಳಿತ ಆ ಹೊತ್ತಿನಲ್ಲೇ, ಅದೇ ಪಾಳಿಯವರು, ಖಾಲಿಯಾದದ್ದನ್ನು ತುಂಬಿ ಸೀಲ್ ಹಾಕಿಯೇ ಮನೆಗೆ ಹೋಗಬೇಕು. ಮುಂದಿನ ಪಾಳಿಗೆ ಬಿಟ್ಟ ಟ್ರಾಲಿ ಅರ್ಧ ಖಾಲಿಯಾಗಿಯೇ ಉಳಿಯುತ್ತದೆ.

ಪ್ರತಿ ಪಾಳಿಯಲ್ಲೂ ಈ ಕೆಲಸಕ್ಕೆ ಒಬ್ಬರ ಹೆಸರನ್ನು ಪಾಳಿ ಪಟ್ಟಿಯಲ್ಲೇ ಬರೆಯಿರಿ. ದೋಷ ಕಂಡಾಗ ಏನು ಮಾಡಬೇಕೆಂಬುದೂ ಬರೆದಿರಲಿ: ಯಾರಿಗೆ ಫೋನ್ ಮಾಡಬೇಕು, ಬದಲಿ ಉಪಕರಣ ಎಲ್ಲಿಂದ ಬರಬೇಕು, ಕೆಟ್ಟದ್ದಕ್ಕೆ ‘ಬಳಸಬೇಡಿ’ ಎಂಬ ಚೀಟಿ ಕಟ್ಟಿ ಎಲ್ಲಿಡಬೇಕು. ರಿಜಿಸ್ಟರಿನಲ್ಲಿ ‘ಸಕ್ಷನ್ ಸರಿಯಿಲ್ಲ’ ಎಂದು ಬೇರೆಬೇರೆ ಕೈಬರಹಗಳಲ್ಲಿ ದಿನಗಟ್ಟಲೆ ಬರೆದಿರುವುದನ್ನೂ, ಯಂತ್ರ ಹಾಗೇ ಕುಳಿತಿರುವುದನ್ನೂ ನಾನು ಕಂಡಿದ್ದೇನೆ. ಎಲ್ಲರೂ ತಮ್ಮ ಕೆಲಸ ಮಾಡಿದ್ದರು. ಇನ್ನೊಂದು ಮಾತು ನಿಮ್ಮ ಮೇಲಿನವರಿಗೆ: ದೋಷವನ್ನು ಹುಡುಕಿ ಹೇಳಿದವರನ್ನೇ ‘ಇಷ್ಟು ದಿನ ಏನು ಮಾಡುತ್ತಿದ್ದಿರಿ’ ಎಂದು ಗದರಿದರೆ ಮರುದಿನದಿಂದ ಎಲ್ಲ ಖಾನೆಗಳಲ್ಲೂ ಸರಿ ಗುರುತೇ ಕಾಣುತ್ತದೆ.

ಅಭ್ಯಾಸದ ಬಗ್ಗೆ. ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ನಡೆಯುವ ತರಬೇತಿಯಿಂದ ಪ್ರಮಾಣಪತ್ರ ಸಿಗುತ್ತದೆ, ಆದರೆ ಕಲಿತ ಕೌಶಲ ಕೆಲವೇ ತಿಂಗಳುಗಳಲ್ಲಿ ಸವೆಯುತ್ತದೆ. ಹತ್ತು ನಿಮಿಷದ ಸಣ್ಣ ಅಭ್ಯಾಸವನ್ನು ತಿಂಗಳಿಗೊಮ್ಮೆಯಾದರೂ, ರೋಗಿಗಳು ನಿಜಕ್ಕೂ ಕುಸಿಯುವ ಜಾಗಗಳಲ್ಲಿ, ನಿಮ್ಮದೇ ಟ್ರಾಲಿಯೊಂದಿಗೆ, ಆ ಹೊತ್ತಿಗೆ ಯಾರಿದ್ದಾರೋ ಅವರಿಂದಲೇ ಮಾಡಿಸಿ. ಶೌಚಾಲಯದ ಬಾಗಿಲಲ್ಲಿ ಒಮ್ಮೆ, ನೋಂದಣಿ ಕೌಂಟರಿನ ಮುಂದೆ ಒಮ್ಮೆ, ರಾತ್ರಿ ಪಾಳಿಯಲ್ಲಿ ದೀಪ ಆರಿಸಿ ಒಮ್ಮೆ ನಡೆಸಿ ನೋಡಿ. ಟ್ರಾಲಿಯ ಚಕ್ರ ಹೊಸ್ತಿಲಿನಲ್ಲಿ ಸಿಕ್ಕಿಬೀಳುವುದು, ಟಾರ್ಚ್ ಎಲ್ಲಿದೆಯೆಂದು ಯಾರಿಗೂ ತಿಳಿಯದಿರುವುದು ಆಗ ಬೆಳಕಿಗೆ ಬರುತ್ತದೆ. ಎದೆ ಒತ್ತುವುದನ್ನು ಬೊಂಬೆಯ ಮೇಲೆ ಮಾತ್ರ ಮಾಡಿಸಿ: ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ, ಎರಡು ನಿಮಿಷಕ್ಕೊಮ್ಮೆ ಕೈ ಬದಲಾವಣೆ. ಕೂಗು ಕೇಳಿದಲ್ಲಿಂದ ಮೊದಲ ಒತ್ತುವಿಕೆಗೆ, ಬ್ಯಾಗಿನ ಮೊದಲ ಉಸಿರಿಗೆ, ಮೊದಲ ಆಘಾತದ ಸೂಚನೆಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಒಬ್ಬರು ಗಡಿಯಾರ ಹಿಡಿದು ಬರೆಯಲಿ. ಪಾಳಿಯ ಆರಂಭದಲ್ಲೇ ಯಾರು ಎದೆ ಒತ್ತುವವರು, ಯಾರು ಶ್ವಾಸ ನೋಡುವವರು, ಯಾರು ಟ್ರಾಲಿ ತರುವವರು ಎಂದು ಹಂಚಿಕೊಂಡಿದ್ದರೆ ಅರ್ಧ ಗದ್ದಲ ತಪ್ಪುತ್ತದೆ. ‘ಯಾರಾದರೂ ಅಡ್ರಿನಲಿನ್ ತನ್ನಿ’ ಎನ್ನುವ ಬದಲು ಹೆಸರು ಹಿಡಿದು ಹೇಳುವುದನ್ನೂ, ಹೇಳಿಸಿಕೊಂಡವರು ಅದನ್ನೇ ತಿರುಗಿ ಉಚ್ಚರಿಸಿ ಒಪ್ಪುವುದನ್ನೂ ರೂಢಿ ಮಾಡಿಸಿ.

ಅವಧಿ ಮುಗಿದ ನಿಮ್ಮ ಪ್ಯಾಡುಗಳನ್ನು ಎಸೆಯಬೇಡಿ. ‘ಅಭ್ಯಾಸಕ್ಕೆ ಮಾತ್ರ’ ಎಂದು ಕೆಂಪಕ್ಷರದಲ್ಲಿ ಬರೆದು, ಪೊಟ್ಟಣ ಹರಿಯುವುದನ್ನೂ ಅಂಟಿಸುವುದನ್ನೂ ಕಲಿಸಲು ಇಟ್ಟುಕೊಳ್ಳಿ. ಆದರೆ ಅವು, ಹಾಗೆಯೇ ನೀರು ತುಂಬಿದ ಅಭ್ಯಾಸದ ಸಿರಿಂಜುಗಳು, ಅಭ್ಯಾಸ ಮುಗಿದ ಕೂಡಲೇ ಎಣಿಕೆಯಾಗಿ ಬೇರೆ ಕೋಣೆಗೆ ಹೋಗಬೇಕು, ಟ್ರಾಲಿಯಲ್ಲಿ ಉಳಿಯಕೂಡದು. ಅಭ್ಯಾಸದ ನಂತರ ಐದು ನಿಮಿಷ ನಿಂತಲ್ಲೇ ಮಾತಾಡಿ. ಯಾರು ತಪ್ಪಿದರು ಎಂಬುದಕ್ಕಿಂತ ಯಾವ ವಸ್ತುವನ್ನು ಹುಡುಕಬೇಕಾಯಿತು ಎಂದು ಕೇಳಿದರೆ ಉಪಯುಕ್ತ ಉತ್ತರ ಬರುತ್ತದೆ. ಹುಡುಕಬೇಕಾದ ವಸ್ತುವಿನ ಜಾಗವನ್ನು ಅಂದೇ ಬದಲಿಸಿ, ಪಟ್ಟಿಯನ್ನೂ ಅಂದೇ ತಿದ್ದಿ.

ನಿಮ್ಮ ವಾರ್ಷಿಕ ತಪಾಸಣೆಯ ಬಗ್ಗೆ ಕೊನೆಗೆ ಒಂದು ಸೂಚನೆ. ಮುಂದಿನ ಸಲ ತಂತ್ರಜ್ಞರು ಬಂದಾಗ ‘ಸುಸ್ಥಿತಿಯಲ್ಲಿದೆ’ ಎಂಬ ಮುದ್ರೆಗೆ ಒಪ್ಪಬೇಡಿ. ಡಿಫಿಬ್ರಿಲೇಟರ್ 50 ಓಮ್ ಪರೀಕ್ಷಾ ರೋಧಕ್ಕೆ ನಿಜವಾಗಿ ಬಿಡುಗಡೆ ಮಾಡಿದ ಶಕ್ತಿ ಎಷ್ಟು ಜೂಲ್, ಚಾರ್ಜ್ ಆಗಲು ಎಷ್ಟು ಸೆಕೆಂಡು ಹಿಡಿಯಿತು, ಸಕ್ಷನ್ನಿನ ಗರಿಷ್ಠ ನಿರ್ವಾತ ಎಷ್ಟು, ಬ್ಯಾಟರಿ ಎಷ್ಟು ನಿಮಿಷ ತಾಳಿತು, ಫ್ಲೋಮೀಟರ್ 15 ಲೀಟರ್ ಎಂದು ತೋರಿದಾಗ ಹೊರಬಂದದ್ದು ಎಷ್ಟು ಎಂಬ ಅಂಕಿಗಳನ್ನು ಬರಹದಲ್ಲಿ ಪಡೆಯಿರಿ. ಹಿಂದಿನ ವರ್ಷದ ಅಂಕಿಗಳಿದ್ದರೆ ಅವುಗಳ ಪಕ್ಕದಲ್ಲಿಟ್ಟು ಓದಿ. ತಪಾಸಣೆಗೆಂದು ಯಂತ್ರವನ್ನು ಹೊರಗೆ ಒಯ್ಯುವುದಾದರೆ ಬದಲಿ ಯಂತ್ರ ಬಂದು ಟ್ರಾಲಿಯ ಮೇಲೆ ಕೂತ ನಂತರವೇ ನಿಮ್ಮದನ್ನು ಕಳುಹಿಸಿ, ಹಿಂತಿರುಗಿದ ದಿನ ತಂತ್ರಜ್ಞರ ಎದುರಿಗೇ ಅದನ್ನು ಬ್ಯಾಟರಿಯಲ್ಲಿ ನಡೆಸಿ ನೋಡಿ ರುಜು ಹಾಕಿ.